ಅಂಜಿಕೊಂಡೇ ಬಂದವರು

ನಮ್ಮ ಕ್ರೈಸ್ತ ಸಭೆಯಲ್ಲಿ ಸಾಕ್ಷಿ ಹೇಳುವವರ ಮಾತು ಕೇಳುತ್ತಲೇ ದೊಡ್ಡವನಾದವನು ನಾನು. ಭಾನುವಾರದ ಆರಾಧನೆಯಲ್ಲಿ ಹಾಡು ಮುಗಿದ ಮೇಲೆ ಯಾರಾದರೂ ಒಬ್ಬರು ಎದ್ದು ನಿಲ್ಲುತ್ತಾರೆ. "ನನಗ ಭಾಳ ಅಂಜಿಕಿ ಇತ್ತು, ಪ್ರಾರ್ಥನೆ ಮಾಡಿದೆ, ಅಂಜಿಕಿ ಹೋತು, ದೇವರಿಗೆ ಸ್ತೋತ್ರ" ಎಂದು ಕೂರುತ್ತಾರೆ. ಆಪರೇಷನ್ನಿನ ಅಂಜಿಕೆ, ಬಡ್ಡಿ ಸಾಲದವರ ಅಂಜಿಕೆ, ಯಾರೋ ಮಾಟ ಮಾಡಿಸಿದ್ದಾರೆ ಅನ್ನುವ ಅಂಜಿಕೆ, ಹೆಣ್ಣುಮಕ್ಕಳಾದರೆ ಗಂಡ ಕುಡಿದು ಬರುವ ಹೊತ್ತಿನ ಅಂಜಿಕೆ, ಎಲ್ಲವೂ ಹೋಗಿರುತ್ತದೆ. ಇತ್ತು, ಹೋಯಿತು. ಇನ್ನೂ ಇದೆ ಎಂದು ಹೇಳುವುದಕ್ಕೆ ಎದ್ದು ನಿಂತವರನ್ನು ನಾನು ಕಂಡಿಲ್ಲ. ಎದ್ದವರು ಸುಳ್ಳು ಹೇಳುತ್ತಾರೆ ಅನ್ನುತ್ತಿಲ್ಲ. ಹೋದವರಿಗೆ ಹೋಗಿರಬಹುದು. ಹೋಗದವರು ಏನು ಮಾಡುತ್ತಾರೆ ಅನ್ನುವುದು ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ. ಅವರು ಹಿಂದಿನ ಸಾಲಿನಲ್ಲಿ ಕೂತು, ತಮ್ಮ ನಂಬಿಕೆಯಲ್ಲೇ ಏನೋ ಊನ ಇದೆ ಅಂದುಕೊಂಡು ಮನೆಗೆ ಹೋಗುತ್ತಾರೆ. ನಾನೂ ಅದೇ ಸಾಲಿನವನು. ರಾತ್ರಿ ಹನ್ನೊಂದರ ಮೇಲೆ ಫೋನ್ ಬಂದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಎಷ್ಟು ಉಪವಾಸ ಪ್ರಾರ್ಥನೆ ಮಾಡಿದರೂ ಅದು ಹೋಗಿಲ್ಲ.

ಗೇಟು ಕಿತ್ತ ಮಾರನೇ ದಿನ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಿತ್ತದ್ದು ನಮ್ಮ ಕಡೆಯವರಿಗೆ ಯಾರೂ ನೆನಪಿಸಬೇಕಾಗಿಲ್ಲ. ಅದು ಶನಿವಾರ. ಬೆಳಗಾಗುವಷ್ಟರಲ್ಲಿ ಗಂಗಾವತಿಯ ಎಲ್ಲರ ಫೋನಿನಲ್ಲೂ "ಡ್ಯಾಂ ಒಡೀತಂತೆ" ಎಂಬ ಮಾತು, ಅದರ ಹಿಂದೆಯೇ ಯಾವುದೋ ಬೇರೆ ದೇಶದ ಡ್ಯಾಮಿನ ವಿಡಿಯೋ. ಹೀಗಾಗಿ ಆ ಭಾನುವಾರದ ಆರಾಧನೆಗೆ ಬಂದವರ ಅರ್ಧ ಜೀವ ಹೊಳೆ ಕಡೆಗೇ ಇತ್ತು. ನಾಟಿ ಮುಗಿಸಿದವರು ಇದ್ದರು, ನಾಟಿಗೆ ಆಳು ಹೇಳಿ ಬಂದವರು ಇದ್ದರು. ಹೊಳೆ ನಡುವಿನ ವಿರೂಪಾಪುರ ಗಡ್ಡೆಯಲ್ಲಿ ಅಣ್ಣನ ಮನೆ ಇದ್ದ ಒಬ್ಬ ಹೆಣ್ಣುಮಗಳು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗಲೂ ಫೋನನ್ನು ಮಡಿಲಲ್ಲಿ ಹಿಡಿದೇ ಕೂತಿದ್ದಳು. ಕಂಪ್ಲಿ ಸೇತುವೆ ಮುಳುಗಿತಾ ಎಂದು ಬಾಗಿಲ ಹೊರಗೆ ಯಾರೋ ಯಾರನ್ನೋ ಕೇಳುತ್ತಿದ್ದರು.

ಅಂದು ಪ್ರಸಂಗ ಮಾಡಿದವರು ಹೊರಗಿನಿಂದ ಬಂದ ಒಬ್ಬ ಬೋಧಕರು. ಸಂದರ್ಭಕ್ಕೆ ತಕ್ಕ ಹಾಗೆ ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದರು. ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆ ಇಟ್ಟು ಮಲಗಿದ್ದಾನೆ, ಬಿರುಗಾಳಿ ಏಳುತ್ತದೆ, ದೋಣಿಗೆ ನೀರು ತುಂಬುತ್ತದೆ, ಶಿಷ್ಯರು ಅವನನ್ನು ಎಬ್ಬಿಸಿ ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವಾ ಎಂದು ಕೂಗುತ್ತಾರೆ. ಬೋಧಕರು ಅಲ್ಲಿಂದಲೇ ಗದರಲು ಶುರು ಮಾಡಿದರು. ಯೇಸು ದೋಣಿಯಲ್ಲೇ ಇದ್ದಾಗ ಅಂಜಿದರಲ್ಲ, ಅದು ಅಪನಂಬಿಕೆ, ಅಪನಂಬಿಕೆ ಪಾಪ, ನೀವೂ ರಾತ್ರಿಯೆಲ್ಲ ವಾಟ್ಸಾಪ್ ನೋಡಿ ಅಂಜಿದಿರಲ್ಲ, ಕೈ ಎತ್ತಿ ನೋಡೋಣ. ಕೆಲವರು, ಪಾಪ, ಕೈ ಎತ್ತಿದರು. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರು ಎತ್ತಲಿಲ್ಲ. ಅವರು ಪ್ರಾಯದಲ್ಲಿ ಆನೆಗೊಂದಿ ಹತ್ತಿರ ಹರಿಗೋಲು ಹಾಕುತ್ತಿದ್ದವರು. ನನ್ನ ಕಡೆ ಬಾಗಿ ಮೆಲ್ಲಗೆ, "ಮೀನು ಹಿಡಿಯೋರು ಅಂಜ್ಯಾರಂದ್ರ ನೀರು ಖರೇನ ಜೋರು ಇದ್ದೀತು ತಮ್ಮಾ" ಅಂದರು.

ಈ ಕಥೆಯ ಮೇಲೆ ನಾನು ಕೇಳಿದ ಎಲ್ಲ ಪ್ರಸಂಗಕ್ಕಿಂತ ಆ ಒಂದು ಮಾತು ದೊಡ್ಡದು ಅನ್ನಿಸಿ, ಮನೆಗೆ ಬಂದು ಮತ್ತೆ ಓದಿದೆ. ಪೇತ್ರ, ಅಂದ್ರೆಯ, ಯಾಕೋಬ, ಯೋಹಾನ, ನಾಲ್ವರೂ ಅದೇ ಗಲಿಲಾಯ ಸರೋವರದಲ್ಲಿ ಬಲೆ ಬೀಸಿ ಹೊಟ್ಟೆ ಹೊರೆದವರು. ಸುತ್ತ ಗುಡ್ಡಗಳಿರುವ ಆ ಸರೋವರದ ಮೇಲೆ ಗಾಳಿ ಹೇಗೆ ತಟ್ಟನೆ ಇಳಿಯುತ್ತದೆ, ಯಾವ ಅಲೆಗೆ ದೋಣಿ ತಡೆಯುತ್ತದೆ, ಯಾವುದಕ್ಕೆ ತಡೆಯುವುದಿಲ್ಲ ಎಂಬುದು ಅವರಿಗೆ ಗೊತ್ತು. ಅವರ ಅಂಜಿಕೆ ಗೊತ್ತಿದ್ದವರ ಅಂಜಿಕೆ. ಡ್ಯಾಂ ವಿಷಯದಲ್ಲೂ ಹಾಗೇ ಆಯಿತು. ಡ್ಯಾಂ ಒಡೆಯುತ್ತದೆ ಎಂದು ಊರು ಅಂಜಿತು. ಗೊತ್ತಿದ್ದ ರೈತರು ಅಂಜಿದ್ದು ಅದಕ್ಕಲ್ಲ. 105 ಟಿಎಂಸಿಯ ತುಂಬಿದ ಡ್ಯಾಮಿನಲ್ಲಿ ಆ ಗೇಟಿನ ಮಟ್ಟಕ್ಕಿಂತ ಮೇಲಿನ ನೀರೆಲ್ಲ ಹರಿದು ಹೋದರೆ ಎಡದಂಡೆ ಕಾಲುವೆಯ ಕೊನೆಗೆ ಏನು ಉಳಿಯುತ್ತದೆ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ಭತ್ತ ಏನಾಗುತ್ತದೆ ಎಂದು ಲೆಕ್ಕ ಹಾಕಿ ಅಂಜಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಕೆಲಸಗಾರರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಅದನ್ನು ಮುಚ್ಚಿದ್ದು ಆಮೇಲಿನ ಮಾತು. ಆ ಭಾನುವಾರ ಯಾರಿಗೂ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದ ಹೊತ್ತಿನಲ್ಲಿ ಅಂಜಿದವರ ಕೈ ಎತ್ತಿಸುವುದು ನನಗೆ ಸರಿ ಕಾಣಲಿಲ್ಲ.

ಇನ್ನೊಂದು. ಇದೇ ಕಥೆ ಮತ್ತಾಯನಲ್ಲೂ ಇದೆ. ಅಲ್ಲಿ ಯೇಸು ಮೊದಲು ಶಿಷ್ಯರನ್ನು ಕೇಳುತ್ತಾನೆ, ಅಲ್ಪವಿಶ್ವಾಸಿಗಳೇ ಯಾಕೆ ಹೆದರುತ್ತೀರಿ ಎಂದು. ಆಮೇಲೆ ಗಾಳಿಯನ್ನು ಗದರಿಸುತ್ತಾನೆ. ಮಾರ್ಕನಲ್ಲಿ ಮೊದಲು ಗಾಳಿ, ಆಮೇಲೆ ಶಿಷ್ಯರು. ಕೂಗಿ ಎಬ್ಬಿಸಿದವರ ಕೆಲಸವನ್ನು ಮೊದಲು ಮಾಡಿಕೊಟ್ಟು, ಎಲ್ಲ ತಣ್ಣಗಾದ ಮೇಲೆ ಕೇಳಿದ್ದು. ನಮ್ಮ ಬೋಧಕರು ಓದಿದ್ದು ಮಾರ್ಕನನ್ನು, ಗದರಿದ್ದು ಮತ್ತಾಯನ ಸಾಲಿನಲ್ಲಿ. ಅದೂ ಹೋಗಲಿ, ಗಾಳಿ ನಿಂತ ಮೇಲೆ ಶಿಷ್ಯರು ನೆಮ್ಮದಿಯಿಂದ ಕೂತರು ಎಂದು ಮಾರ್ಕ ಬರೆದಿಲ್ಲ. ಅವರು ಬಹಳವಾಗಿ ಹೆದರಿದರು, ಇವನು ಯಾರಿರಬಹುದು ಎಂದು ಮಾತಾಡಿಕೊಂಡರು ಎಂದು ಬರೆದಿದ್ದಾನೆ. ಅಂಜಿಕೆ ಹೋಗಲಿಲ್ಲ, ನೀರಿನಿಂದ ಆ ಮನುಷ್ಯನ ಕಡೆಗೆ ತಿರುಗಿತು. ಈ ಕೊನೆಯ ವಾಕ್ಯವನ್ನು ಪ್ರಸಂಗ ಮಾಡುವವರು ಯಾಕೆ ಬಿಟ್ಟುಬಿಡುತ್ತಾರೋ.

365ರ ಲೆಕ್ಕ

"ಹೆದರಬೇಡ" ಎಂಬ ಮಾತು ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, 365 ಸಲ ಇದೆ, ದಿನಕ್ಕೊಂದರ ಹಾಗೆ ದೇವರು ಕೊಟ್ಟಿದ್ದಾನೆ – ಕನ್ವೆನ್ಷನ್ನುಗಳಲ್ಲಿ ಇದನ್ನು ಕೇಳದ ಕ್ರೈಸ್ತರು ನಮ್ಮ ಮೂರು ಜಿಲ್ಲೆಗಳಲ್ಲಿ ಇರಲಿಕ್ಕಿಲ್ಲ. ಕೂತು ಎಣಿಸಿದರೆ ಅಷ್ಟು ಸಿಗುವುದಿಲ್ಲ, ಅದರ ಹತ್ತಿರಕ್ಕೂ ಬರುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರುವ ಫೆಬ್ರವರಿ 29ಕ್ಕೆ ಏನು ಗತಿ ಎಂದು ನಮ್ಮ ಭಾನುವಾರ ಶಾಲೆಯ ಹುಡುಗನೊಬ್ಬ ಕೇಳಿದ್ದಕ್ಕೆ ಅವನಿಗೆ ಚಾಕಲೇಟ್ ಸಿಗಲಿಲ್ಲ. ಸುಳ್ಳು ಲೆಕ್ಕದಿಂದ ಯಾರಿಗಾದರೂ ಧೈರ್ಯ ಬರುತ್ತದಾದರೆ ಬರಲಿ ಬಿಡಿ ಅನ್ನುವವರಿದ್ದಾರೆ. ನನಗೆ ಅದಕ್ಕಿಂತ ಹೆಚ್ಚು ಕಿರಿಕಿರಿ ಆಗುವುದು, ಎಣಿಕೆಯ ಭರದಲ್ಲಿ ಆ ಮಾತಿನ ಅರ್ಧವನ್ನು ಕತ್ತರಿಸುವುದಕ್ಕೆ.

ಯಾಕೆಂದರೆ ಸತ್ಯವೇದದಲ್ಲಿ ಅದು ಬರಿ ಅಪ್ಪಣೆಯಾಗಿ ಒಂಟಿಯಾಗಿ ಬರುವುದು ಕಡಿಮೆ. ಅಬ್ರಾಮನಿಗೆ, ಹೆದರಬೇಡ, ನಾನೇ ನಿನಗೆ ಗುರಾಣಿ. ಬಾವಿಗಳ ಜಗಳದಲ್ಲಿ ಊರಿಂದೂರಿಗೆ ಸರಿದು ಬಂದ ಇಸಾಕನಿಗೆ ರಾತ್ರಿ, ಹೆದರಬೇಡ, ನಾನು ನಿನ್ನ ಸಂಗಡ ಇದ್ದೇನೆ. ನಾನಿನ್ನೂ ಹುಡುಗ, ಮಾತು ಬಾರದು ಎಂದ ಯೆರೆಮೀಯನಿಗೂ ಅದೇ, ಯೆಶಾಯನ 41ನೇ ಅಧ್ಯಾಯದಲ್ಲೂ ಅದೇ. ಕೊರಿಂಥದಲ್ಲಿ ಪೌಲನಿಗೆ ರಾತ್ರಿ ದರ್ಶನದಲ್ಲಿ ಬಂದದ್ದೂ ಅದೇ: ಹೆದರಬೇಡ, ಮಾತಾಡು, ನಾನೇ ನಿನ್ನೊಂದಿಗಿದ್ದೇನೆ. ನಮ್ಮ ಅವ್ವಂದಿರು ಕತ್ತಲಲ್ಲಿ ಹಿತ್ತಲಿಗೆ ಹೋಗಬೇಕಾದ ಮಗುವಿಗೆ "ಅಂಜಬ್ಯಾಡ, ಹೋಗು, ನಾ ಇಲ್ಲೇ ಅದೀನಿ" ಅನ್ನುವುದು ಇದೇ ಬಗೆಯ ಮಾತು. ಮಗು ಹೋಗುತ್ತದೆ, ಎರಡು ಹೆಜ್ಜೆ ಇಟ್ಟು "ಅದೀಯಾ?" ಎಂದು ಕೂಗುತ್ತದೆ, "ಅದೀನಿ" ಎಂದು ಉತ್ತರ ಬಂದ ಮೇಲೆ ಮುಂದಕ್ಕೆ ಹೋಗುತ್ತದೆ. ಆ ಹಿಂದಿನ ಅರ್ಧ ತೆಗೆದುಬಿಟ್ಟರೆ ಉಳಿಯುವುದು ಬೈಗುಳ.

ಅದೇ ಪೌಲ ಕೊರಿಂಥದವರಿಗೆ ಮುಂದೆ ಪತ್ರ ಬರೆಯುವಾಗ, ನಾನು ನಿಮ್ಮಲ್ಲಿದ್ದಾಗ ಬಲವಿಲ್ಲದವನಾಗಿ, ಭಯದಿಂದ ನಡುಗುವವನಾಗಿ ಇದ್ದೆ ಎಂದು ಬರೆದುಕೊಂಡಿದ್ದಾನೆ. ಹದಿನೆಂಟು ತಿಂಗಳು ಅಲ್ಲಿ ಬೋಧನೆ ಮಾಡಿ, ಒಂದು ಸಭೆ ಕಟ್ಟಿದವನ ಮಾತು ಇದು. ಎದ್ದು ನಿಂತು ಸಾಕ್ಷಿ ಹೇಳುವಾಗ ಪೌಲ ನಮ್ಮವರ ಹಾಗೆ ಹೇಳಲಿಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಶಿಷ್ಯರಲ್ಲಿ ಮೂವರನ್ನು ಕರೆದುಕೊಂಡು ಹೋಗಿ, ಜೀವ ಹೋಗುವಷ್ಟು ದುಃಖವಾಗಿದೆ, ಇಲ್ಲೇ ಇದ್ದು ಎಚ್ಚರವಾಗಿರಿ ಅಂದದ್ದು. ದೇವರ ಮಗ ಅಂದವನಿಗೂ ಆ ರಾತ್ರಿ ಜೊತೆಗೆ ಮನುಷ್ಯರು ಬೇಕಾಗಿದ್ದರು. ಅವರು ನಿದ್ದೆ ಹೋದರು ಅನ್ನುವುದು ಬೇರೆ.

ಪ್ರಸಂಗಕ್ಕೆ ಬರದ ಅಂಜಿಕೆ

ನಮ್ಮ ತಾತ ಬಳ್ಳಾರಿ ಕಡೆಯ ಒಂದು ಹಳ್ಳಿಯ ಮಾದಿಗರ ಕೇರಿಯಲ್ಲಿ ಹುಟ್ಟಿದವರು. ಗೌಡರ ಮನೆ ಮುಂದೆ ಹೋಗುವಾಗ ಕೆರ ಕೈಯಲ್ಲಿ ಹಿಡಿದು ಹೋಗುತ್ತಿದ್ದ ಕಾಲ. ಮಿಷನ್ ಶಾಲೆಯಲ್ಲಿ ಅಕ್ಷರ ಕಲಿತು, ಕೇರಿಯ ಗುಡಿಸಲ ಆರಾಧನೆಯಲ್ಲಿ ಎದ್ದು ನಿಂತು ಓದುವುದನ್ನು ಕಲಿತ ಮೇಲೆ ತನಗೆ ಗಂಟಲು ಬಂತು ಅನ್ನುತ್ತಿದ್ದರು. ಹಾಡಿನ ಗಂಟಲಲ್ಲ, ಎದುರು ನಿಂತು ಮಾತಾಡುವ ಗಂಟಲು. ವಿಶ್ವಾಸದಿಂದ ಅಂಜಿಕೆ ಹೋದದ್ದಕ್ಕೆ ನಮ್ಮ ಮನೆಯಲ್ಲೇ ಇರುವ ಗಟ್ಟಿ ಸಾಕ್ಷಿ ಅದು. ಅದನ್ನು ನಾನು ಅಲ್ಲಗಳೆಯಲಾರೆ.

ಆದರೆ ಅದೇ ತಾತನ ಮೊಮ್ಮಕ್ಕಳು ಜಾತಿ ಪ್ರಮಾಣಪತ್ರಕ್ಕೆ ತಹಸೀಲ್ದಾರ್ ಕಚೇರಿಯ ಮುಂದೆ ನಿಂತಾಗ ಗಂಟಲು ಒಣಗುತ್ತದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತ ಧರ್ಮಕ್ಕೆ ಹೋದವರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿಕೊಂಡರು, ನಮ್ಮನ್ನು ಇಲ್ಲ. ಹೀಗಾಗಿ ಎಷ್ಟೋ ಮನೆಗಳಲ್ಲಿ ಸಭೆಯಲ್ಲಿ ಕೂಗುವ ಹೆಸರು ಒಂದು, ಶಾಲೆಯ ದಾಖಲೆಯ ಹೆಸರು ಇನ್ನೊಂದು. ಮದುವೆಯ ಕಾರ್ಡಿನಲ್ಲಿ ಶಿಲುಬೆ ಹಾಕಿಸಬೇಕೋ ಬೇಡವೋ ಎಂದು ರಾತ್ರಿಯೆಲ್ಲ ಮಾತಾಡಿದ ಮನೆಗಳು ನನಗೆ ಗೊತ್ತು. ಊರಿನ ಕೇರಿಯಲ್ಲಿ ಯಾರೂ ಜಾತಿ ಮರೆತಿಲ್ಲ, ಕಾಗದ ಮಾತ್ರ ಮರೆಯಬೇಕು. ಈ ಅಂಜಿಕೆಯ ಬಗ್ಗೆ ನಾನು ಒಂದೂ ಪ್ರಸಂಗ ಕೇಳಿಲ್ಲ. ದೆವ್ವದ ಅಂಜಿಕೆ, ಸಾವಿನ ಅಂಜಿಕೆ, ನರಕದ ಅಂಜಿಕೆ ಬೇಕಾದಷ್ಟು ಬರುತ್ತವೆ. ನರಕದ ಅಂಜಿಕೆಯನ್ನಂತೂ ಕೆಲವರು ತಾವೇ ಹುಟ್ಟಿಸಿ ತಾವೇ ಬಿಡಿಸುತ್ತಾರೆ.

ಬಳ್ಳಾರಿ, 2020ರ ಜುಲೈ

ಕೊರೋನಾದಲ್ಲಿ ನನ್ನ ಸೋದರಮಾವ ಬಳ್ಳಾರಿಯಲ್ಲಿ ತೀರಿಕೊಂಡರು. ಪಿಪಿಇ ಕಿಟ್ ಹಾಕಿದವರು ಹೆಣಗಳನ್ನು ಒಂದೇ ಗುಂಡಿಗೆ ಎಸೆಯುವ ವಿಡಿಯೋ ಜಿಲ್ಲೆಯಿಂದ ಹೊರಬಂದು ದೇಶವೆಲ್ಲ ನೋಡಿದ್ದ ದಿನಗಳು. ನಮ್ಮ ಅತ್ತೆ ಕೇಳಿದ್ದು ಒಂದೇ, "ಅವರನ್ನ ಹಂಗ ಒಗೀಬ್ಯಾಡ್ರಿ." ಅಷ್ಟಕ್ಕೆ ಅಂದು ಎಷ್ಟು ಫೋನ್ ಮಾಡಬೇಕಾಯಿತು ಅನ್ನುವುದನ್ನು ಬಿಡುತ್ತೇನೆ. ಕೊನೆಗೆ ಕ್ರೈಸ್ತರ ಸ್ಮಶಾನದಲ್ಲೇ ಮಣ್ಣು ಮಾಡಲು ಒಪ್ಪಿದರು. ಬಂಧುಗಳಲ್ಲಿ ಬಂದವರು ಕೈಬೆರಳೆಣಿಕೆ, ಅವರೂ ಗೇಟಿನ ಆಚೆಯೇ ನಿಂತರು. ಅವರನ್ನು ನಾನು ಅಂದೂ ದೂರಲಿಲ್ಲ, ಇಂದೂ ದೂರುವುದಿಲ್ಲ. ಮನೆಯಲ್ಲಿ ಎಳೆ ಮಕ್ಕಳಿದ್ದವರು ಅವರು.

ಸಭಾಪಾಲಕರು ಬಂದರು. ಅರವತ್ತರ ಹತ್ತಿರದವರು, ಸಕ್ಕರೆ ಕಾಯಿಲೆ ಇದ್ದವರು. ಸ್ಕೂಟರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಇಳಿಯದೆ ಬಹಳ ಹೊತ್ತು ಅದರ ಮೇಲೇ ಕೂತಿದ್ದರು. ಆಂಬುಲೆನ್ಸ್ ಕಾಯುತ್ತಿದ್ದಾರೆ ಅಂದುಕೊಂಡೆ. ಆಂಬುಲೆನ್ಸ್ ಬಂದ ಮೇಲೂ ಕೂತೇ ಇದ್ದರು. ಆಮೇಲೆ ಇಳಿದು ಬಂದು, ಕಿಟ್ ಕೊಡಿ ಎಂದು ಕೈ ಚಾಚಿದರು. ಬೆಳಗ್ಗೆ ಮಳೆಯಾಗಿತ್ತು. ಆ ನೀಲಿ ಪ್ಲಾಸ್ಟಿಕ್ಕಿನ ಕಾಲುಚೀಲಕ್ಕೆ ಎರೆಮಣ್ಣು ಮೆತ್ತಿ ಮೆತ್ತಿ ಒಂದೊಂದು ಹೆಜ್ಜೆಗೂ ಕಾಲು ಭಾರವಾಗುತ್ತಿತ್ತು, ಒಂದು ಹರಿದೇ ಹೋಯಿತು. ಮಾಸ್ಕಿನೊಳಗಿನ ಉಸಿರಿಗೆ ಅವರ ಕನ್ನಡಕ ಮಂಜಾಯಿತು, ಅದರ ಮೇಲೆ ಶೀಲ್ಡೂ ಮಂಜಾಯಿತು. ಒರೆಸಿಕೊಳ್ಳುವ ಹಾಗಿಲ್ಲ. ಪುಸ್ತಕ ತೆರೆದಿದ್ದರೂ ಒಂದಕ್ಷರ ಕಾಣದೆ ಮುಚ್ಚಿ, ಬಾಯಿಪಾಠದಿಂದ 23ನೇ ಕೀರ್ತನೆ ಶುರು ಮಾಡಿದರು. ಆ ಕೀರ್ತನೆಯಲ್ಲಿ ಹಸುರುಗಾವಲು, ತಿಳಿನೀರು ಇರುವವರೆಗೂ ದೇವರು "ಆತನು". ಕಾರ್ಗತ್ತಲಿನ ಕಣಿವೆ ಬಂದ ಕೂಡಲೇ "ನೀನು". ಸರಿಯಾಗಿ ಅಲ್ಲಿಗೆ ಬಂದು ಅವರಿಗೆ ಮುಂದಿನದು ಮರೆಯಿತು. ದಿನಕ್ಕೊಮ್ಮೆಯಾದರೂ ಹೇಳುವ ಮಾತು ಮರೆಯಿತು. ಸುಮ್ಮನೆ ನಿಂತರು. ಜೆಸಿಬಿಯ ಡ್ರೈವರ್ ಎಂಜಿನ್ ಆಫ್ ಮಾಡಿದ. ಗೇಟಿನ ಆಚೆಯಿಂದ ನಮ್ಮ ಅತ್ತೆ, ಯಾರೂ ನಿರೀಕ್ಷೆ ಮಾಡದ ಹಾಗೆ, "ನೀನು ಹತ್ತಿರ ಇರುವದರಿಂದ" ಎಂದು ಜೋರಾಗಿ ಎತ್ತಿಕೊಟ್ಟರು. ಸಭಾಪಾಲಕರು ಅಲ್ಲಿಂದ ಹಿಡಿದು ಮುಗಿಸಿದರು. ಬಳ್ಳಾರಿ ಇಂಥ ಮಾತನ್ನು ಹೊಸದಾಗಿ ಕೇಳಿದ್ದಲ್ಲ. 1810ರಲ್ಲಿ ಇಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಆಮೇಲೆ ಕೈಜೋಡಿಸಿದ ವಿಲಿಯಂ ರೀವ್, ಇದೇ ಊರಲ್ಲಿ ವರ್ಷಗಟ್ಟಲೆ ಕೂತು ಪೂರ್ತಿ ಸತ್ಯವೇದವನ್ನು ಕನ್ನಡಕ್ಕೆ ತಂದವರು. 1831ರ ಹೊತ್ತಿಗೆ ಅದು ಅಚ್ಚಾಯಿತು. ಆಮೇಲೆ ತಿದ್ದುಪಡಿಗಳಾಗಿವೆ. ಆದರೂ ಈ ಊರಿನಲ್ಲಿ ಕಾಲರಾ, ಬರ, ಪ್ಲೇಗು ಎಲ್ಲದಕ್ಕೂ ಗುಂಡಿಯ ಪಕ್ಕ ನಿಂತು ಯಾರೋ ಒಬ್ಬರು ಇದನ್ನು ಕನ್ನಡದಲ್ಲಿ ಹೇಳಿಯೇ ಇರಬೇಕು.

ಕಿಟ್ ಬಿಚ್ಚಿ, ಕೈಗೆ ಔಷಧಿ ಹೊಡೆಸಿಕೊಂಡು ದೂರದಲ್ಲಿ ನಿಂತಾಗ ಅಯ್ಯನವರು ತಾವಾಗಿಯೇ ಹೇಳಿದರು: "ಅಷ್ಟೊತ್ತು ಸ್ಕೂಟರ್ ಮ್ಯಾಲೆ ಯಾಕ ಕುಂತಿದ್ದೆ ಗೊತ್ತೇನು ತಮ್ಮಾ? ವಾಪಸ್ ಹೋಗ್ಲೋ ಏನು ಅಂತ. ಮನ್ಯಾಗ ಜಗಳ ಮಾಡ್ಕೊಂಡು ಬಂದೀನಿ. ಕೈಕಾಲು ನಡುಗ್ತಾ ಅದಾವ ನೋಡು ಇನ್ನೂ." ಕೈ ಚಾಚಿ ತೋರಿಸಿದರು. ನಿಜಕ್ಕೂ ನಡುಗುತ್ತಿತ್ತು. ನಾನು ಏನೋ ಸಮಾಧಾನ ಹೇಳಲು ಹೋದೆ, ಅವರು ಕೇಳಿಸಿಕೊಳ್ಳಲಿಲ್ಲ. ಮುಂದಿನ ಮಣ್ಣು ಎಷ್ಟು ಗಂಟೆಗೆ ಎಂದು ಫೋನಿನಲ್ಲಿ ವಿಚಾರಿಸತೊಡಗಿದ್ದರು.

ಆಮೇಲೆ ಲಾಕ್‌ಡೌನಿನ ಯಾವುದೋ ಸಂಜೆ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರನ ಒಂದು ಪತ್ರ ಓದಿದೆ. 1527ರಲ್ಲಿ ವಿಟ್ಟೆನ್‌ಬರ್ಗಿಗೆ ಪ್ಲೇಗು ಬಂದಿತ್ತು. ಊರು ಬಿಡು ಎಂದು ದೊರೆ ಹೇಳಿದ್ದರೂ ಲೂಥರ್ ಬಿಡಲಿಲ್ಲ. ಹೆಂಡತಿ ಕಥರೀನಾ ಬಸುರಿ, ಮನೆಯೇ ರೋಗಿಗಳ ಮನೆಯಾಗಿತ್ತು. ಪ್ಲೇಗು ಬಂದರೆ ಓಡಬಹುದೋ ಎಂದು ಬ್ರೆಸ್ಲಾವಿನ ಬೋಧಕರು ಕೇಳಿದ್ದಕ್ಕೆ ಬರೆದ ಉತ್ತರ ಅದು. ಧೀರರ ಮಾತು ಇರುತ್ತದೆ ಅಂದುಕೊಂಡು ಓದಿದರೆ ಇಲ್ಲ. ಸಾವಿಗೆ ಅಂಜುವುದು ಸಹಜ, ನೆರೆಯವನನ್ನು ನೋಡಿಕೊಳ್ಳಲು ಬೇರೆಯವರಿದ್ದರೆ ಓಡಿಹೋಗುವುದು ತಪ್ಪಲ್ಲ ಅನ್ನುತ್ತಾನೆ. ದೇವರು ಕಾಯುತ್ತಾನೆಂದು ಔಷಧಿ ಬಿಟ್ಟು ಮೆರೆಯುವವರನ್ನು ಬೈಯುತ್ತಾನೆ. ತಾನಾದರೆ ಮನೆಗೆ ಹೊಗೆ ಹಾಕುತ್ತೇನೆ, ಔಷಧಿ ತೆಗೆದುಕೊಳ್ಳುತ್ತೇನೆ, ನನ್ನ ಅಗತ್ಯವಿಲ್ಲದ ಕಡೆ ಹೋಗುವುದಿಲ್ಲ, ಅಗತ್ಯವಿದ್ದ ಕಡೆ ಹೋಗದೆ ಇರುವುದಿಲ್ಲ ಅನ್ನುತ್ತಾನೆ. ಓದುತ್ತಿದ್ದಾಗ ಬೇವಿನ ಮರದ ಕೆಳಗಿನ ಸ್ಕೂಟರ್ ಕಣ್ಣಮುಂದೆ ಬಂತು. ಹನಿ ಸ್ಯಾನಿಟೈಸರನ್ನೂ ಅಪನಂಬಿಕೆ ಎಂದು ಜರಿದು, ತಾವು ಮಾತ್ರ ಯೂಟ್ಯೂಬಿನಲ್ಲೇ ಉಳಿದ ಕೆಲವರೂ ಬಂದರು.

ಮಾವ ಹೋದ ಮೇಲೆ ಅತ್ತೆಗೆ ರಾತ್ರಿ ಒಬ್ಬರೇ ಮಲಗುವುದು ಅಂಜಿಕೆಯಾಯಿತು. ದೆವ್ವವಲ್ಲ, ಕಳ್ಳರೂ ಅಲ್ಲ. ಉಸಿರು ಕಟ್ಟುತ್ತದೆ ಎಂದು ಎದ್ದು ಕೂರುವುದು. ಗಂಡನಿಗೆ ಆದದ್ದು ಅದೇ ತಾನೇ. ಮಗ ಬೆಂಗಳೂರಿನಲ್ಲಿ. ನಾವು ಕರೆದರೂ ಬರಲಿಲ್ಲ. ಕ್ವಾರಂಟೈನ್ ಮುಗಿದ ಮೇಲೆ ಸ್ತ್ರೀ ಸಮಾಜದವರು ಬಂದು ಪ್ರಾರ್ಥನೆ ಮಾಡಿದರು, ಅಂಜಿಕೆ ಬಿಟ್ಟುಹೋಗಲಿ ಎಂದೇ ಮಾಡಿದರು. ಹೋಗಲಿಲ್ಲ. ಆಗ ಅವರಲ್ಲೊಬ್ಬಳು, ಹೂವು ಮಾರುವಾಕೆ, ಚಾಪೆ ಹಿಡಿದುಕೊಂಡು ಬಂದು ಅಲ್ಲೇ ಮಲಗಿದಳು. ಮಾರನೇ ದಿನ ಇನ್ನೊಬ್ಬಳು. ಆಮೇಲೆ ಅದು ಪಾಳಿಯಾಯಿತು, ತಿಂಗಳುಗಟ್ಟಲೆ ನಡೆಯಿತು. ಯಾವ ಸಾಕ್ಷಿಯಲ್ಲೂ ಇದು ಬಂದಿಲ್ಲ, ಯಾಕೆಂದರೆ ಇಂಥ ದಿನ ಹೋಯಿತು ಎಂದು ಹೇಳುವುದಕ್ಕೆ ಅಲ್ಲಿ ಯಾವ ದಿನವೂ ಇಲ್ಲ. ಈಗ ಅತ್ತೆ ಒಬ್ಬರೇ ಮಲಗುತ್ತಾರೆ. ಆದರೂ ಒಮ್ಮೊಮ್ಮೆ ದೀಪ ಹಾಕಿಕೊಂಡು ಕೂರುತ್ತಾರಂತೆ.

ಮೊನ್ನೆ ಬಳ್ಳಾರಿಗೆ ಹೋದಾಗ ಅತ್ತೆ ಮನೆಯಲ್ಲಿರಲಿಲ್ಲ. ಬೆಳಗ್ಗೆ ಎಂಟಕ್ಕೆ ದಿಂಬು ಬಗಲಲ್ಲಿ ಹಿಡಿದು ಬಂದರು. ಅವರ ಸಭೆಯಲ್ಲಿ ಗಂಡನನ್ನು ಕಳೆದುಕೊಂಡ ಇನ್ನೊಬ್ಬಾಕೆಯ ಮನೆಗೆ ಇವರ ಪಾಳಿಯಂತೆ. ಹೇಗಿದ್ದಾಳೆ ಆಕೆ ಅಂದೆ. "ಆಕಿ ಚಲೋ ಅದಾಳಪ್ಪ, ತಲಿ ಇಟ್ಟ ಕೂಡ್ಲೇ ಗೊರಕಿ. ನನಗ ನಿದ್ದಿ ಇಲ್ಲ. ಆ ಫ್ಯಾನು ಬ್ಯಾರೆ ಕಟಕಟ ಅಂತೈತಿ. ಇವತ್ತ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡು ಮೊದಲು, ಇನ್ನೂ ನಾಕು ರಾತ್ರಿ ಐತಿ ನಂದು" ಎಂದು ದಿಂಬನ್ನು ಬಿಸಿಲಿಗೆ ಹಾಕಿದರು.